ಹತ್ತಕ್ಕೆ ಮೂರು ಸೋಲು

ನಮ್ಮ ಕೇಂದ್ರದ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಒಂದು ನಿಯಮವನ್ನು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದೇವೆ: ರೋಗಿ ಹತ್ತು ಸಲ ಪ್ರಯತ್ನಿಸಿದರೆ ಮೂರು ಸಲ ಸೋಲಲೇಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ಓದಿ ನಗುತ್ತಾರೆ. ಲಕ್ವ ಹೊಡೆದು ಕೈ ಬಿದ್ದುಹೋದ ಮನುಷ್ಯ ಆಗಲೇ ಬೇಕಾದಷ್ಟು ಸೋತಿರುತ್ತಾನೆ, ಅವನನ್ನು ಇನ್ನೂ ಸೋಲಿಸುವುದು ಯಾವ ನ್ಯಾಯ ಎಂದು ಕೇಳುತ್ತಾರೆ. ನಾನು ತಾಳ್ಮೆಯಿಂದ ವಿವರಿಸುತ್ತೇನೆ. ಆ ನಿಯಮವನ್ನು ಬರೆದವಳೂ ನಾನೇ, ಮುರಿದವಳೂ ನಾನೇ ಎಂಬುದನ್ನು ಮಾತ್ರ ಹೇಳುವುದಿಲ್ಲ. ಇಲ್ಲಿ ಹೇಳಿಬಿಡುತ್ತೇನೆ.

ನಾವು ರೋಗಿಗೆ ಕೊಡುವುದು ಎರಡೇ ವಸ್ತು. ಒಂದು, ಮಾತ್ರೆ. ಅದನ್ನು ನುಂಗಲು ಶುರುಮಾಡಿದ ದಿನದಿಂದ ಹದಿನಾರು ವಾರ ದೊಡ್ಡವರ ಮಿದುಳು ಎಳೆಮಗುವಿನ ಮಿದುಳಿನಷ್ಟೇ ಬೇಗ ಕಲಿಯುತ್ತದೆ. ಸತ್ತುಹೋದ ಭಾಗದ ಕೆಲಸವನ್ನು ಪಕ್ಕದ ಭಾಗ ವಹಿಸಿಕೊಳ್ಳಲು ಹೊಸ ದಾರಿಗಳನ್ನು ಹುಡುಕುತ್ತದೆ. ಹದಿನಾರು ವಾರ ಮುಗಿಯಿತೋ, ಕಲಿತದ್ದು ಗಟ್ಟಿಯಾಗುತ್ತದೆ, ಬಾಗಿಲು ಮುಚ್ಚುತ್ತದೆ. ಅದೇ ಮಾತ್ರೆಯನ್ನು ಎರಡನೆಯ ಸಲ ಕೊಟ್ಟರೆ ನಾಟುವುದಿಲ್ಲ. ಜನ್ಮಕ್ಕೆ ಒಂದೇ ಸಲ.

ಇನ್ನೊಂದು, ‘ಆಸರೆ’. ಭುಜದಿಂದ ಬೆರಳ ತುದಿಯವರೆಗೆ ತೊಡಿಸುವ ಬಟ್ಟೆಯ ತೋಳು. ಅದರೊಳಗೆ ಸಣ್ಣ ಮೋಟಾರುಗಳು ಎಳೆಯುವ ದಾರಗಳಿವೆ, ಸ್ನಾಯುಗಳ ಮಿಡಿತ ಹಿಡಿಯುವ ತಂತಿಗಳಿವೆ, ಮಣಿಕಟ್ಟಿನಲ್ಲಿ ಗುಂಡಿಯಷ್ಟು ದೊಡ್ಡ ಕ್ಯಾಮೆರಾ ಇದೆ. ಲೋಟ ಎತ್ತಬೇಕು ಎಂದು ರೋಗಿ ಮನಸ್ಸು ಮಾಡಿದರೆ ಬಿದ್ದುಹೋದ ಕೈಯಲ್ಲೂ ಒಂದು ಮಿಡಿತ ಏಳುತ್ತದೆ. ಆಸರೆ ಅದನ್ನು ಗ್ರಹಿಸಿ, ಕಡಿಮೆಬಿದ್ದ ಬಲವನ್ನು ತಾನು ಸೇರಿಸುತ್ತದೆ. ಎಷ್ಟು ಸೇರಿಸಬೇಕು ಎಂಬುದಕ್ಕೆ ಒಂದರಿಂದ ಹತ್ತರವರೆಗೆ ಅಂಕಿಗಳಿವೆ. ನಾಲ್ಕರಲ್ಲಿಟ್ಟರೆ ಹತ್ತಕ್ಕೆ ಮೂರು ಸಲ ಲೋಟ ಬೀಳುತ್ತದೆ. ಬಿದ್ದಾಗ ಮಿದುಳು ಬೆಚ್ಚಿ, ಮುಂದಿನ ಸಲ ಇನ್ನೊಂದು ದಾರಿ ಹುಡುಕುತ್ತದೆ. ಏಳು ಮುಟ್ಟಿದರೆ ಆಸರೆ ಮಿಡಿತಕ್ಕೂ ಕಾಯುವುದಿಲ್ಲ. ಮುಂದೇನು ಎಂದು ಊಹಿಸಿ ಕೆಲಸವನ್ನು ತಾನೇ ಮುಗಿಸುತ್ತದೆ. ಆ ಅಂಕಿಗಳು ಇರುವುದು ಏಳಲಾರದೆ ಮಲಗಿರುವವರಿಗಾಗಿ.

ಇಷ್ಟು ಗೊತ್ತಿದ್ದರೆ ಸಾಕು. ಉಳಿದದ್ದೆಲ್ಲ ನನ್ನ ಮಾವನ ಕಥೆ.

ಕೊಟ್ರೇಶಪ್ಪ ನನ್ನ ಸೋದರಮಾವ. ದಾವಣಗೆರೆಯ ಹಳೇ ಊರಿನಲ್ಲಿ ಎಂಟು ಬೆಂಚಿನ ಒಂದು ಬೆಣ್ಣೆದೋಸೆ ಹೋಟೆಲು ಅವರದು. ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಅಂದಿನಿಂದ ನಾನು ಬೆಳೆದದ್ದು, ಓದಿದ್ದು, ಎಂಜಿನಿಯರ್ ಆದದ್ದು ಎಲ್ಲ ಆ ಕಾವಲಿಯ ಮಗ್ಗುಲಲ್ಲೇ. ಕಟ್ಟಿಗೆ ಒಲೆ, ಎದೆಯೆತ್ತರದ ಉರಿ, ಮಾವನ ಬಲಗೈಯಲ್ಲಿ ಸೌಟು. ಹಿಟ್ಟು ಕಾವಲಿಗೆ ಬಿದ್ದಲ್ಲಿಂದ ಮೂರೇ ಸುತ್ತು. ನಾಲ್ಕನೆಯ ಸುತ್ತು ಹಾಕುವವನು ದೋಸೆ ಹುಯ್ಯುವವನಲ್ಲ, ಗಾರೆ ಮೆತ್ತುವವನು ಎನ್ನುತ್ತಿದ್ದರು.

ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಬೆಳಗಿನ ಹೊತ್ತು, ಸೌಟು ಹಿಟ್ಟಿನ ಪಾತ್ರೆಯೊಳಗೆ ಬಿದ್ದುಹೋಯಿತು. ಅದನ್ನು ಎತ್ತಲು ಹೋದಾಗ ಕೈ ತಮ್ಮದಲ್ಲ ಎಂದು ಮಾವನಿಗೆ ಗೊತ್ತಾಯಿತು. ಮಾತು, ಕಾಲು ಎರಡು ವಾರದಲ್ಲಿ ಸರಿಹೋದವು. ಬಲಗೈ ಹೋಗಿತ್ತು.

‘ಎಡಗೈಯಲ್ಲಿ ರೂಢಿ ಮಾಡ್ಕೊಳ್ಳಿ’ ಎಂದು ಮೊದಲು ನೋಡಿದ ವೈದ್ಯರು ಸಲಹೆ ಕೊಟ್ಟರಂತೆ. ಮಾವ ಅವರನ್ನು ಹುಚ್ಚರನ್ನು ನೋಡಿದಂತೆ ನೋಡಿದರಂತೆ. ‘ಉಣ್ಣೋ ಅನ್ನಕ್ಕೆ ಎಡಗೈ ಹಚ್ಚಿ ಮಂದಿಗೆ ಕೊಡ್ಲಾ? ಅದಕ್ಕಿಂತ ಬಾಗಿಲು ಹಾಕ್ತೀನಿ’ ಎಂದರು. ಅವರು ಹೇಳಿದರೆ ಹೇಳಿದಂತೆ. ಹಾಗಾಗಿ ಬಲಗೈ ಬಂದರೆ ದೋಸೆ, ಇಲ್ಲದಿದ್ದರೆ ಇಲ್ಲ.

ನಮ್ಮಲ್ಲಿ ಸ್ವಂತದವರ ಚಿಕಿತ್ಸೆಯನ್ನು ನಾವು ನೋಡಿಕೊಳ್ಳುವಂತಿಲ್ಲ. ಮೇಲ್ವಿಚಾರಕಿ ಡಾಕ್ಟರ್ ಫರ್ಹಾನಾ ಅವರನ್ನು ನಾನು ಕಾಡಿಬೇಡಿ ಒಪ್ಪಿಸಿದೆ. ಮಾವನ ಕೈಯ ಗತ್ತು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ವಾದಿಸಿದೆ. ಹೋಟೆಲಿನ ಕ್ಯಾಮೆರಾದಲ್ಲಿದ್ದ ಹಳೆಯ ದೃಶ್ಯಗಳನ್ನು ತಂದು, ಮಾವ ಸೌಟು ಸುತ್ತುವ ರೀತಿಯನ್ನು ಆಸರೆಗೆ ನಾನೇ ಕಲಿಸಿದೆ. ಅವತ್ತು ನನಗೆ ನನ್ನ ಬಗ್ಗೆ ಬಲು ಹೆಮ್ಮೆಯಾಗಿತ್ತು.

ಮಾತ್ರೆ ಶುರುವಾಯಿತು. ಅಂಕಿ ನಾಲ್ಕು. ರೋಗಿ ತನ್ನ ದಿನನಿತ್ಯದ ಕೆಲಸ ಮಾಡುತ್ತಲೇ ಕಲಿತರೆ ಒಳ್ಳೆಯದೆಂಬುದು ನಮ್ಮ ಪದ್ಧತಿ. ಆದ್ದರಿಂದ ಎರಡನೆಯ ವಾರ ಮಾವ ಆಸರೆ ತೊಟ್ಟು ಕಾವಲಿಯ ಮುಂದೆ ನಿಂತರು. ಹಾಲಮ್ಮತ್ತೆ ಪಕ್ಕದಲ್ಲಿ ಬೆಣ್ಣೆ ಹಿಡಿದು ನಿಂತಿದ್ದರು. ನಾನು ಮೂಲೆಯ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ.

ಮೊದಲನೆಯದು ಹರಿಯಿತು. ಎರಡನೆಯದರಲ್ಲಿ ಸೌಟು ನಡುವೆಯೇ ನಿಂತು ಹಿಟ್ಟು ಒಂದು ಕಡೆ ಗುಡ್ಡೆಯಾಯಿತು. ಮೂರನೆಯದು ಪರವಾಗಿಲ್ಲ ಎನ್ನಬಹುದಾಗಿತ್ತು. ನಾಲ್ಕನೆಯದು ಕಾವಲಿಯ ಅಂಚಿನಿಂದ ಒಲೆಗೆ ಸುರಿಯಿತು. ಹೊಗೆ ಎದ್ದಿತು. ಗಿರಾಕಿಗಳು ತಮ್ಮ ತಮ್ಮ ಲೋಟಗಳನ್ನೇ ನೋಡುತ್ತಾ ಕೂತಿದ್ದರು, ಯಾರೂ ತಲೆಯೆತ್ತಲಿಲ್ಲ.

ನಿವೃತ್ತ ಕಂಡಕ್ಟರ್ ಓಬಳೇಶಪ್ಪ ಮುಂದಿನ ಬೆಂಚಿನಲ್ಲಿದ್ದರು. ಮೂವತ್ತು ವರ್ಷದಿಂದ ದಿನಾ ಬರುವವರು, ಮೂವತ್ತು ವರ್ಷದಿಂದ ದಿನಾ ಏನಾದರೊಂದು ತಪ್ಪು ಹುಡುಕುವವರು. ಬೆಣ್ಣೆ ಕಡಿಮೆ, ಚಟ್ನಿ ನೀರು, ದೋಸೆ ಚಪ್ಪಲಿ. ಮಾವನೂ ಬಿಡುತ್ತಿರಲಿಲ್ಲ. ‘ನಿನ್ನ ಬಸ್ಸಿಗಿಂತ ಬೇಗ ಬಂದೈತೆ, ತಿನ್ನು’ ಎನ್ನುತ್ತಿದ್ದರು. ಅವತ್ತು ಅರ್ಧ ಬೆಂದು ಅರ್ಧ ಹರಿದ ದೋಸೆಯನ್ನು ಅತ್ತೆ ಬಕೆಟ್ಟಿಗೆ ಹಾಕಲು ಹೋದಾಗ ಓಬಳೇಶಪ್ಪ ತಟ್ಟೆ ಚಾಚಿ ಅದನ್ನೇ ಹಾಕಿಸಿಕೊಂಡರು. ತಿಂದರು. ಕೈ ತೊಳೆದುಕೊಂಡು ಬಂದು, ‘ಚೆನ್ನಾಗೈತೆ ಕೊಟ್ರೇಶಿ’ ಎಂದು ಮೆಲ್ಲಗೆ ಹೇಳಿ ಹೋದರು.

ಮಾವನ ಮುಖ ನೋಡಲಾಗಲಿಲ್ಲ. ದೋಸೆ ಹರಿದಾಗ ಅವರು ಅಷ್ಟು ಕುಗ್ಗಿರಲಿಲ್ಲ, ಓಬಳೇಶಪ್ಪ ಚೆನ್ನಾಗಿದೆ ಎಂದಾಗ ಕುಗ್ಗಿಹೋದರು. ನಮ್ಮ ಕಡೆ ದೊಡ್ಡವರ ಕೈ ನಡುಗಿದರೆ ಸಣ್ಣವರು ನೋಡಿಯೂ ನೋಡದವರಂತೆ ಕೈ ಕೊಡುತ್ತೇವೆ. ತಾತ ಲೋಟ ಎತ್ತುವಾಗ ತಳಕ್ಕೊಂದು ಬೆರಳು ಹಿಡಿಯುವುದು, ಅಜ್ಜಿ ಮೆಟ್ಟಿಲು ಇಳಿಯುವಾಗ ಸುಮ್ಮನೆ ಪಕ್ಕಕ್ಕೆ ಬಂದು ನಿಲ್ಲುವುದು, ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ, ಹುಟ್ಟಿದಾಗಿನಿಂದ ನೋಡಿ ಬಂದಿರುವುದು. ನಾನೂ ಹಾಗೆಯೇ ಒಂದು ಬೆರಳು ಹಿಡಿದೆ ಅಷ್ಟೆ. ಕೇಂದ್ರಕ್ಕೆ ಹೋಗಿ, ನನ್ನ ಕುರ್ಚಿಯಲ್ಲಿ ಕೂತು, ಮಾವನ ಆಸರೆಯನ್ನು ನಾಲ್ಕರಿಂದ ಏಳಕ್ಕೆ ಏರಿಸಿದೆ. ಒಂದು ವಾರ ಮಾತ್ರ, ಅವರಿಗೆ ಧೈರ್ಯ ಬರಲಿ, ಆಮೇಲೆ ಇಳಿಸೋಣ ಎಂದುಕೊಂಡೆ.

ಮರುದಿನ ದೋಸೆ ದುಂಡಗೆ ಬಂತು.

ಅತ್ತೆ ಫೋನಿನಲ್ಲಿ ಅಳುತ್ತಾ ನಗುತ್ತಾ ಮಾತಾಡಿದರು. ‘ಮೂರೇ ಸುತ್ತು ಕಣವ್ವಾ! ಓಬಳೇಶಣ್ಣ ಇವತ್ತು ಉಪ್ಪು ಜಾಸ್ತಿ ಅಂತ ಬೈದು ಹೋದ್ರು, ನಿಮ್ಮಾವ ನಕ್ಕಿದ್ದೇ ನಕ್ಕಿದ್ದು!’

ಆ ಮಾತು ಕೇಳಿದ ಮೇಲೆ ಅಂಕಿ ಇಳಿಸುವ ಮನಸ್ಸು ಯಾರಿಗೆ ಬರುತ್ತದೆ? ನನಗೆ ಬರಲಿಲ್ಲ. ಒಂದು ವಾರ ಎರಡಾಯಿತು. ನಡುವೆ ಒಮ್ಮೆ ಆರಕ್ಕೆ ಇಳಿಸಿದೆ, ಅವತ್ತು ಎರಡು ದೋಸೆ ಹರಿದವೆಂದು ಅತ್ತೆ ಗಾಬರಿಯಿಂದ ಫೋನು ಮಾಡಿದರು. ಎಂಟಕ್ಕೆ ಏರಿಸಿದೆ. ಹತ್ತನೆಯ ವಾರದ ಹೊತ್ತಿಗೆ ಅದು ಒಂಬತ್ತರಲ್ಲಿತ್ತು.

ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಮಾವನ ಜೊತೆಗೇ ಮಾತ್ರೆ ಶುರುಮಾಡಿದ ತಂಡದ ಏಳು ರೋಗಿಗಳ ಹೆಸರೂ ಇರುತ್ತಿದ್ದವು. ಹೆಸರಿನ ಮುಂದೆ ಆ ದಿನ ಎಷ್ಟು ಕೆಲಸ ಕೈಗೂಡಿತು ಎಂಬ ಲೆಕ್ಕ. ಬೇರೆ ಆರು ಜನ ಎಪ್ಪತ್ತರ ಆಸುಪಾಸಿನಲ್ಲಿ ಒದ್ದಾಡುತ್ತಿದ್ದರೆ ಮಾವ ತೊಂಬತ್ತೆಂಟು. ಡಾಕ್ಟರ್ ಫರ್ಹಾನಾ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ‘ಶಾಲ್ಮಲಾ ಅವರ ಪೇಷಂಟು’ ಎನ್ನುತ್ತಿದ್ದರು. ಕೈಗೂಡಿದ್ದರಲ್ಲಿ ಯಂತ್ರದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದು ಇನ್ನೊಂದು ಪುಟದಲ್ಲಿ ಬರುತ್ತದೆ. ಆ ಪುಟ ತುಂಬಬೇಕಾದರೆ ವಾರಕ್ಕೊಮ್ಮೆ ಆಸರೆ ಬಿಚ್ಚಿ ಬರಿಗೈ ಪರೀಕ್ಷೆ ಮಾಡಬೇಕು. ಅರ್ಧ ಗಂಟೆ ರೋಗಿ ಎಲ್ಲರೆದುರು ಸೋಲುತ್ತಾ ಕೂರಬೇಕು. ನಾನು ಮಾವನ ಪುಟದಲ್ಲಿ ‘ರೋಗಿಗೆ ಆಯಾಸ, ಮುಂದೂಡಲಾಗಿದೆ’ ಎಂದು ಬರೆದೆ. ಮುಂದಿನ ವಾರವೂ ಬರೆದೆ. ಬರೆಯುತ್ತಲೇ ಹೋದೆ. ಫರ್ಹಾನಾ ನನ್ನನ್ನು ನಂಬಿದ್ದರು, ಕೇಳಲಿಲ್ಲ.

ಹದಿಮೂರನೆಯ ವಾರ ಮಾವನ ಮನೆಗೆ ಊಟಕ್ಕೆ ಹೋಗಿದ್ದೆ. ಮಾವ ಆಸರೆ ತೊಟ್ಟ ಕೈಯಲ್ಲಿ ರೊಟ್ಟಿ ಮುರಿದು ಉಣ್ಣುತ್ತಿದ್ದರು, ಒಂದು ಚೂರೂ ಚೆಲ್ಲಲಿಲ್ಲ. ನಾನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅತ್ತೆ ಹಿಂದೆಯೇ ಬಂದರು.

‘ಶಾಲೂ, ಒಂದು ಮಾತು ಕೇಳ್ಲೇನವ್ವಾ? ಸ್ನಾನಕ್ಕೆ ಅದನ್ನ ಬಿಚ್ಚಿದಾಗ ಕೈ ಹಂಗೇ ಜೋತು ಬೀಳ್ತೈತಲ್ಲ. ಸೋಪು ಹಿಡಿಯಾಕೂ ಬರಲ್ಲ. ಮೊದಲನೇ ವಾರ ಬೆರಳಾದ್ರೂ ಒಂದೀಟು ಆಡ್ತಿದ್ವು.’

ಆಗಲಾದರೂ ಮೂರು ವಾರ ಉಳಿದಿದ್ದವು. ಅಂಕಿ ಇಳಿಸಿ, ದೋಸೆ ಹರಿಯಲಿ ಎಂದು ಬಿಟ್ಟಿದ್ದರೆ ಅರ್ಧವಾದರೂ ದಕ್ಕುತ್ತಿತ್ತೇನೋ. ಆದರೆ ಇಳಿಸಬೇಕಾದರೆ ಏರಿಸಿದ್ದೇನೆಂದು ಒಪ್ಪಿಕೊಳ್ಳಬೇಕಿತ್ತು. ‘ದಿನವೆಲ್ಲ ದುಡಿದು ಸುಸ್ತಾಗಿರುತ್ತೆ ಅತ್ತೆ, ಅದಕ್ಕೇ’ ಎಂದೆ. ಅತ್ತೆ ತಲೆಯಾಡಿಸಿದರು. ಓದಿದ ಹುಡುಗಿ ಹೇಳಿದ ಮೇಲೆ ಮುಗಿಯಿತು.

ಹದಿನಾರು ವಾರ ಮುಗಿದ ಮೇಲಿನ ಬರಿಗೈ ಪರೀಕ್ಷೆಯನ್ನು ಮುಂದೂಡಲು ಬರುವುದಿಲ್ಲ. ಪ್ರಯೋಗಾಲಯದಲ್ಲಿ ಒಂದು ಮೇಜು, ಮೇಜಿನ ಮೇಲೆ ಖಾಲಿ ಸ್ಟೀಲ್ ಲೋಟ. ಆ ವಾರ ನಮ್ಮ ತಂಡದ ಆರು ಜನ ಒಬ್ಬೊಬ್ಬರಾಗಿ ಬಂದು ಲೋಟ ಎತ್ತಿದ್ದರು. ಒಬ್ಬ ಲಾರಿ ಚಾಲಕ ಎತ್ತಿದ್ದಲ್ಲದೆ ಅದನ್ನು ತಲೆಯ ಮೇಲಿಟ್ಟುಕೊಂಡು ನಮ್ಮನ್ನೆಲ್ಲ ನಗಿಸಿದ್ದ. ಕೊನೆಯವರು ಮಾವ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಆಸರೆಯನ್ನು ನಾನೇ ಬಿಚ್ಚಿದೆ.

‘ಎತ್ತಿ ಕೊಟ್ರೇಶಪ್ಪನವರೇ’ ಎಂದರು ಫರ್ಹಾನಾ.

ಮಾವ ಲೋಟವನ್ನೇ ನೋಡಿದರು. ಭುಜ ಸ್ವಲ್ಪ ಮೇಲೆದ್ದಿತು. ಮೊಣಕೈ ಮೇಜಿನ ಮೇಲೆ ಎರಡು ಬೆರಳಗಲ ಸರಿಯಿತು. ಬೆರಳುಗಳು ಮಡಿಚಿದ್ದು ಮಡಿಚಿದಂತೆಯೇ ಇದ್ದವು. ಅವರ ಹಣೆ ಬೆವರಿತು. ನಾನು ಪರದೆ ನೋಡಿದೆ. ಮುಂಗೈ ಸ್ನಾಯುವಿನ ಗೆರೆ ನೇರವಾಗಿತ್ತು, ಒಂದು ಸಣ್ಣ ಅಲೆಯೂ ಇರಲಿಲ್ಲ. ಕೈಗೆ ಬಲವಿಲ್ಲ ಎಂಬುದಲ್ಲ, ಕೈಗೆ ಅಪ್ಪಣೆಯೇ ಹೋಗುತ್ತಿರಲಿಲ್ಲ. ಎಳೆಮಗುವಿನಂತಾಗಿದ್ದ ಆ ಮಿದುಳು ಹದಿನಾರು ವಾರ ಏನೂ ಕಲಿಯಲಿಲ್ಲವೆಂದಲ್ಲ. ಶ್ರದ್ಧೆಯಿಂದ ಕಲಿತಿತ್ತು. ಕೆಲಸ ಬಂದಾಗ ಸುಮ್ಮನಿರಬೇಕು, ಬೇರೆ ಯಾರೋ ಮಾಡುತ್ತಾರೆ ಎಂದು ಕಲಿತಿತ್ತು. ಅದು ಈಗ ಗಟ್ಟಿಯಾಗಿತ್ತು.

ಮಾವನನ್ನು ಹೊರಗೆ ಅತ್ತೆಯ ಹತ್ತಿರ ಕೂರಿಸಿ ಬಂದೆ. ಅಷ್ಟರಲ್ಲಿ ಫರ್ಹಾನಾ ದಾಖಲೆ ತೆಗೆದಿದ್ದರು. ನಾಲ್ಕು, ಏಳು, ಆರು, ಎಂಟು, ಒಂಬತ್ತು. ಪ್ರತಿಯೊಂದರ ಮುಂದೆಯೂ ನನ್ನ ಹೆಸರು, ಹೊತ್ತು.

ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ‘ಆ ಲಾರಿ ಡ್ರೈವರ್‌ಗೆ ಯಾಕೆ ಏರಿಸಲಿಲ್ಲ ನೀನು?’ ಎಂದು ಕೇಳಿದರು.

‘ಅವರು... ಅವರು ಬೇರೆಯವರು ಮೇಡಂ.’

‘ಅವರ ಕೈ ಬಂತು’ ಎಂದರು ಫರ್ಹಾನಾ. ‘ಇದನ್ನ ನಿನ್ನ ಮಾವನಿಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ’ ಎಂದು ಎದ್ದು ಹೋದರು.

ಮರುದಿನ ಮಧ್ಯಾಹ್ನ ಹೋಟೆಲಿಗೆ ಹೋದೆ. ಗಿರಾಕಿಗಳಿರಲಿಲ್ಲ. ಒಲೆ ಆರಿತ್ತು, ಅತ್ತೆ ಒಳಗೆ ಪಾತ್ರೆ ತೊಳೆಯುತ್ತಿದ್ದರು. ಮಾವ ಬೆಂಚಿನ ಮೇಲೆ ಕೂತಿದ್ದರು, ಪಕ್ಕದಲ್ಲಿ ಆಸರೆ ಮಡಿಸಿ ಇಟ್ಟಿತ್ತು. ನಾನು ನಿಂತೇ ಎಲ್ಲ ಹೇಳಿದೆ. ಅಂಕಿಗಳು, ಬರೆದ ಸುಳ್ಳುಗಳು, ಅತ್ತೆಗೆ ಹಿತ್ತಲಲ್ಲಿ ಹೇಳಿದ ಸುಳ್ಳು, ಎಲ್ಲ. ಹೇಳುವಾಗ ಅಳಬಾರದೆಂದು ಗಟ್ಟಿಮನಸ್ಸು ಮಾಡಿದ್ದೆ. ಆಗಲಿಲ್ಲ.

ಮಾವ ಪೂರ್ತಿ ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

‘ನಂಗೊತ್ತಿತ್ತು ಕಣವ್ವಾ’ ಎಂದರು.

ನಾನು ಎದುರಿನ ಬೆಂಚಿನ ಮೇಲೆ ಕೂತೆ.

‘ಮೂರನೇ ವಾರದಾಗೇ ಗೊತ್ತಾತು. ಸೌಟು ಎತ್ತಾಣ ಅನ್ನೋದ್ರಾಗೆ ಅದು ಎತ್ತಿಬಿಟ್ಟಿರ್ತಿತ್ತು. ಒಂದಿನ ನೋಡಾಣ ಅಂತ ನಾನು ಏನೂ ಮಾಡ್ದಂಗೆ ಸುಮ್ನೆ ನಿಂತೆ. ಮನಸ್ನಾಗೂ ಏನೂ ಅಂದ್ಕಳ್ಳಿಲ್ಲ. ದುಂಡಗೆ ಬಂತು ನೋಡು ದೋಸೆ, ನಾನು ಹುಯ್ದಿದ್ದಕ್ಕಿಂತ ಚೆಂದ. ಅವತ್ತಿಂದ ನಾನೂ ಸುಮ್ನಾದೆ.’

‘ಯಾಕೆ ಹೇಳ್ಲಿಲ್ಲ ಮಾವಾ?’ ಎಂದೆ.

‘ಹೆಂಗ್ ಹೇಳ್ಲವ್ವಾ? ನೀನು ಎಷ್ಟು ಖುಷಿಯಾಗಿದ್ದೆ. ಆ ಡಾಕ್ಟ್ರಮ್ಮ ನಾಕು ಜನರ ಮುಂದೆ ನಿನ್ನ ಹೊಗಳ್ತಿದ್ರು. ನಂದಲ್ಲ ಇದು, ಮಿಷನ್ನಿಂದು ಅಂತ ನಾನಂದ್ರೆ ನಿನ್ನ ಹೆಸರು ಕೆಡ್ತಿತ್ತು. ಅದಕ್ಕೇ ಬ್ಯಾಡ ಅಂತ ಬಿಟ್ಟೆ.’

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದರು.

ಮಾವ ಎಡಗೈಯಿಂದ ಬಲಗೈಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು. ಮುಖದಲ್ಲಿ ಸ್ವಲ್ಪ ಗೆಲುವು ತಂದುಕೊಂಡು, ‘ಹೋಗ್ಲಿ ಬಿಡು, ಆಗಿದ್ದಾತು. ನಾಳಿಂದ ಕಮ್ಮಿ ಮಾಡಿ ಇಡು. ದೋಸೆ ಹರಿಯಾದಾದ್ರೆ ಹರೀಲಿ. ಮೊದಲಿಂದ ಕಲಿಯಾಣ. ನನಗೇನು ವಯಸ್ಸಾಗೇತಿ?’ ಎಂದರು.

ಆಗ ನನಗೆ ಹೊಳೆಯಿತು. ಅವರಿಗೆ ಗೊತ್ತಿರಲಿಲ್ಲ. ಹದಿನಾರು ವಾರದ ವಿಷಯ, ಮಾತ್ರೆ ಜನ್ಮಕ್ಕೆ ಒಂದೇ ಸಲ ಎಂಬ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ರೋಗಿಗೆ ಅದನ್ನು ಬಿಡಿಸಿ ಹೇಳಬೇಕಾದದ್ದು ಚಿಕಿತ್ಸೆ ನೋಡಿಕೊಳ್ಳುವವರ ಕೆಲಸ. ಸುಮ್ಮನೆ ಹೆದರುತ್ತಾರೆ, ನೆಮ್ಮದಿಯಿಂದ ಅಭ್ಯಾಸ ಮಾಡಲಿ ಎಂದು ಬಿಟ್ಟಿದ್ದೆ. ಗೊತ್ತಿದ್ದರೆ ಮಾವ ಮೂರನೆಯ ವಾರವೇ ಬಾಯಿ ಬಿಡುತ್ತಿದ್ದರು. ಹೆಸರು ಕೆಡುತ್ತದೆಂದು ಕೈಯನ್ನೇ ಕಳೆದುಕೊಳ್ಳುವಷ್ಟು ದಡ್ಡರಲ್ಲ ಅವರು.

‘ಇನ್ನು ಆಗಲ್ಲ ಮಾವಾ’ ಎಂದೆ. ಯಾಕೆ ಆಗುವುದಿಲ್ಲ ಎಂದು ಹೇಳಿದೆ.

ಅವರು ನನ್ನನ್ನು ನೋಡಲಿಲ್ಲ. ಕಾವಲಿಯನ್ನು ನೋಡಿದರು. ಅತ್ತೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ಮಾವ ಆಸರೆಯನ್ನು ಎಡಗೈಯಿಂದ ನನ್ನ ಕಡೆ ದೂಡಿದರು. ‘ತಗೊಂಡೋಗು. ಬ್ಯಾರೆ ಯಾರಿಗಾದ್ರೂ ಆಗ್ತೈತೆ’ ಎಂದರು. ಒಂಬತ್ತರಲ್ಲಿಟ್ಟು ದೋಸೆ ಹುಯ್ಯುತ್ತಲೇ ಇರಬಹುದು, ಕೇಂದ್ರದವರು ಬೇಡವೆನ್ನುವುದಿಲ್ಲ ಎಂದು ನಾನು ತೊದಲಿದೆ. ‘ಅದು ಹುಯ್ಯಾದಾದ್ರೆ ಮುಂದೆ ನಾನ್ಯಾಕೆ ನಿಲ್ಲಬೇಕು?’ ಎಂದರು. ಎರಡು ತಿಂಗಳು ಹೋಟೆಲು ಮುಚ್ಚಿತ್ತು.

ಆಮೇಲೊಂದು ಭಾನುವಾರ ಅತ್ತೆಯೇ ಕರೆ ಮಾಡಿ ಬರಹೇಳಿದರು. ಹೋದೆ. ಒಲೆ ಉರಿಯುತ್ತಿತ್ತು. ಬೆಂಚುಗಳು ಖಾಲಿ. ಅತ್ತೆ ಹಿಟ್ಟು ರುಬ್ಬಿ ತಂದಿಟ್ಟಿದ್ದರು. ಮಾವ ಕಾವಲಿಯ ಪಕ್ಕದಲ್ಲಿ ನಿಂತಿದ್ದರು, ಬಲಗೈ ಜೋತುಬಿದ್ದಿತ್ತು.

‘ಬಾ. ಸೌಟು ಹಿಡಿ’ ಎಂದರು.

ಇಷ್ಟು ವರ್ಷ ಆ ಕಾವಲಿಯ ಮಗ್ಗುಲಲ್ಲಿ ಬೆಳೆದರೂ ನಾನು ಒಂದು ದೋಸೆ ಹುಯ್ದವಳಲ್ಲ. ಓದುವ ಹುಡುಗಿ ಎಂದು ಹತ್ತಿರ ಬಿಟ್ಟಿರಲಿಲ್ಲ. ಹಿಟ್ಟು ಸುರಿದೆ, ಸುತ್ತಿದೆ. ಸೌಟು ತಳಕ್ಕೆ ತಾಗಿ ನಡುವೆಯೇ ತೂತಾಯಿತು. ‘ಇನ್ನೊಂದು’ ಎಂದರು ಮಾವ. ಅದು ಒಂದು ಕಡೆ ದಪ್ಪ, ಒಂದು ಕಡೆ ಹಾಳೆ. ‘ಇನ್ನೊಂದು.’ ಏನು ತಪ್ಪಾಯಿತು ಎಂದು ಕೇಳಿದೆ. ‘ನೀನೇ ನೋಡು’ ಎಂದರು. ಐದನೆಯದನ್ನು ಹುಯ್ಯುವಾಗ ಮುಂಗೈ ಕಾವಲಿಗೆ ತಗುಲಿ ಚುರ್ರೆಂದಿತು, ಕಣ್ಣಲ್ಲಿ ನೀರು ಬಂತು. ಅತ್ತೆ ಅಯ್ಯೋ ಎಂದು ಸೌಟಿಗೆ ಕೈಚಾಚಿದರು.

‘ಏ, ಮುಟ್ಟಬ್ಯಾಡ ಆಕಿನ್ನ!’ ಮಾವ ಗದರಿದರು. ಎಡಗೈಯನ್ನು ಬೆನ್ನಹಿಂದೆ ಒಯ್ದು, ಪಂಚೆಯ ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಬೆರಳಗೆಣ್ಣುಗಳು ಬೆಳ್ಳಗಾಗಿದ್ದವು. ಬಂದು ನನ್ನ ಕೈ ಹಿಡಿದು ಸುತ್ತಿಸಬೇಕೆಂದು ಅವರಿಗೆ ಎಷ್ಟು ಅನಿಸುತ್ತಿತ್ತೆಂದು ನನಗೆ ಕಾಣುತ್ತಿತ್ತು. ಅವರು ಬರಲಿಲ್ಲ.

ಹಾಗೆ ನಿಲ್ಲುವುದು ನನ್ನಿಂದ ಒಂದು ಬೆಳಗೂ ಆಗಿರಲಿಲ್ಲ.

ಆರನೆಯದೂ ಹರಿಯಿತು. ಮಾವ ನಿಂತಲ್ಲೇ ನಿಂತು, ‘ಇನ್ನೊಂದು ಹುಯ್ಯಿ’ ಎಂದರು.